ತಮ್ಮನಿಗೆ ಕೊಟ್ಟ ಮಗಳು

ಚಿಮ್ಮನಚೋಡ
೧೧ ನವೆಂಬರ್ ೧೯೫೧

ತಮ್ಮ ದೇವಿಂದ್ರಪ್ಪನಿಗೆ ಅಕ್ಕ ಚಂದಮ್ಮ ಬರೆಯುವುದು.

ದೀಪಾವಳಿಗೆ ಬಂದು ಹೋದವನು ಮುಟ್ಟಿದೆ ಎಂದು ಒಂದು ಕಾಗದ ಹಾಕಲಿಲ್ಲ. ಶಹಾಬಾದಿನಲ್ಲಿ ಫರಸಿ ಕಲ್ಲಿನ ಖಣಿಗೆ ಮುನ್ಷಿ ಆದ ಮೇಲೆ ಅಕ್ಕನಿಗೆ ನಾಲ್ಕು ಅಕ್ಷರ ಬರೆಯಲು ಪುರಸೊತ್ತಿಲ್ಲವೇನಪ್ಪಾ? ಮಠದ ಅಯ್ಯನವರ ಮುಂದೆ ಮರಳಿನ ಮೇಲೆ ಬೆರಳಾಡಿಸಿ ನಾನು ಕಲಿತದ್ದನ್ನೇ ನಿನಗೂ ಕಲಿಸಿದವಳು ನಾನು. ಮರೆಯಬೇಡ.

ಈ ಸಲ ನಿನ್ನ ಗುರುತೇ ಸಿಗಲಿಲ್ಲ. ಕೊರಳಿನ ಎಲುಬು ಎದ್ದಿವೆ, ಅಂಗಿ ಗೂಟಕ್ಕೆ ತೂಗುಹಾಕಿದಂತೆ ಜೋಲಾಡುತ್ತದೆ. ಉಣ್ಣಲು ಕುಳಿತರೆ ತಂಬಿಗೆ ಮೇಲೆ ತಂಬಿಗೆ ನೀರು ಕುಡಿಯುತ್ತಿದ್ದಿ, ಮತ್ತೆ ಮತ್ತೆ ಹಿತ್ತಲಿಗೆ ಎದ್ದು ಹೋಗುತ್ತಿದ್ದಿ. ಕೇಳಿದರೆ, "ಖಣಿ ಧೂಳಿಗೆ ಗಂಟಲ ಒಣಗತಾದ ಅಕ್ಕಾ" ಅಂದಿ. ನಿನ್ನ ಹೆಂಡತಿಗೆ ಸರಿಯಾಗಿ ಬೈದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಾದರೇನು, ನನ್ನ ತಮ್ಮನಿಗೆ ಉಣ್ಣಲು ಹಾಕದಿದ್ದರೆ ಬೈಯದೆ ಬಿಡಲೇ? ಶಹಾಬಾದಿಗೆ ಹೊರಟವರ ಕೈಯಲ್ಲಿ ಒಂದು ಡಬ್ಬಿ ಅಂಟಿನುಂಡಿ ಕಳಿಸಿದ್ದೇನೆ. ಬೆಲ್ಲ, ತುಪ್ಪ, ಉತ್ತತ್ತಿ ಕೈಬಿಚ್ಚಿ ಹಾಕಿದ್ದೇನೆ. ಮುಂಜಾನೆ ಎದ್ದ ಕೂಡಲೇ ತಿನ್ನು, ಮೇಲೆ ಹಾಲು ಕುಡಿ. ಮೈ ತುಂಬಿಕೊಳ್ಳುತ್ತದೆ.

ಇನ್ನು ಮುಖ್ಯ ಮಾತು. ರಜಾಕಾರರ ಗದ್ದಲಕ್ಕೆ ಮುಂಚಿನ ಬೇಸಿಗೆಯಲ್ಲಿ ಶಿವಕಾಂತಿಯನ್ನು ನಿನಗೆ ಕೊಟ್ಟೆ. ಇನ್ನೂ ಅವಳ ಉಡಿ ತುಂಬಲಿಲ್ಲ. ಹಬ್ಬದ ಮರುದಿನ ನೆರೆಮನೆಯ ಸಾಬಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವಾಗ ಇವಳು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. "ನೀ ಬ್ಯಾಡವ್ವ, ಹಿಂದ ಸರಿ" ಅಂದಳು ಸಾಬಮ್ಮ. ರಟ್ಟೆ ಹಿಡಿದು ಅವಳನ್ನು ಹಿಂದೆ ಎಳೆದವಳು ನಾನೇ. ಹೆತ್ತವಳು! ಏನು ಮಾಡಲಿ, ಪರರ ಕೂಸು. ಮನೆಗೆ ಬಂದು ಒಲೆಯ ಮುಂದೆ ಕುಳಿತು ಅತ್ತೆ.

ಒಂದು ಕಡೆ ಮಗಳ ಸಂಸಾರ, ಇನ್ನೊಂದು ಕಡೆ ನನ್ನ ತವರಿನ ವಂಶ. ಅವ್ವ ಸತ್ತ ಮೇಲೆ ನಿನ್ನನ್ನು ಈ ಟೊಂಕದ ಮೇಲೆ ಹೊತ್ತು ಬೆಳೆಸಿದವಳು ನಾನು. ನೀನು ಹೊರಗಿನ ಹೆಣ್ಣು ತಂದರೆ ಆಕೆ ನನ್ನ ಶಿವಕಾಂತಿಯನ್ನು ಸಗಣಿ ಬಳಿಯಲು ಹಚ್ಚುತ್ತಾಳೆ. ಅದಕ್ಕೇ ಎಲ್ಲ ವಿಚಾರ ಮಾಡಿದ್ದೇನೆ. ಸಣ್ಣವಳು ಶರಣಬಸಮ್ಮ ದೊಡ್ಡವಳಾಗಿದ್ದಾಳೆ. ಅವಳನ್ನೂ ನಿನಗೇ ಕೊಡುತ್ತೇನೆ. ಅಕ್ಕತಂಗಿಯರು ಒಂದೇ ಮನೆಯಲ್ಲಿ ಇರುತ್ತಾರೆ. ನಿನ್ನ ಮಾವ ಅಮೃತಪ್ಪನವರೂ ಗೋಣು ಹಾಕಿದ್ದಾರೆ. ನೀನು ಹೂಂ ಎಂದು ಬರೆ, ಸಾಕು.

ನಿನ್ನ ಒಳ್ಳೆಯದನ್ನೇ ಬೇಡುವ
ಅಕ್ಕ ಚಂದಮ್ಮ

ಶಹಾಬಾದ
೨ ಡಿಸೆಂಬರ್ ೧೯೫೧

ಅಕ್ಕನ ಪಾದಕ್ಕೆ ದೇವಿಂದ್ರಪ್ಪನ ಶರಣು.

ಉಂಡಿ ಮುಟ್ಟಿದವು. ದಿನಾ ತಿನ್ನುತ್ತಿದ್ದೇನೆ. ಶಿವಕಾಂತಿಯನ್ನು ಬೈಯಬೇಡ. ಅವಳು ಉಣ್ಣಲು ಹಾಕುವುದರಲ್ಲಿ ಯಾವ ಕೊರತೆಯೂ ಇಲ್ಲ. ಯಾವುದರಲ್ಲೂ ಅವಳದು ಕೊರತೆ ಇಲ್ಲ.

ಶರಣಿ ಇನ್ನೂ ಸಣ್ಣ ಹುಡುಗಿ. ನನ್ನ ಹೆಗಲ ಮೇಲೆ ಕುಳಿತು ಹೊಲಕ್ಕೆ ಬರುತ್ತಿದ್ದವಳು. ಮೊನ್ನೆ ದೀಪಾವಳಿಗೂ ನನ್ನ ಜೇಬಿಗೆ ಕೈ ಹಾಕಿ ಪುಠಾಣಿ ಹುಡುಕಿದಳು. ಅವಳ ಹೆಸರನ್ನು ಈ ಮಾತಿನಲ್ಲಿ ತರುವುದು ಬೇಡ. ದೇವರು ಕೊಟ್ಟಾಗ ಕೊಡುತ್ತಾನೆ, ಇಲ್ಲದಿದ್ದರೆ ಇಲ್ಲ.

ಇಲ್ಲಿ ಕೆಲಸ ಭಾಳ. ಕಲ್ಲು ತುಂಬಿದ ವ್ಯಾಗನ್ನುಗಳು ವಾಡಿಯಲ್ಲಿ ನಿಂತುಬಿಡುತ್ತವೆ, ಮಾಲೀಕರು ನನ್ನ ಮೇಲೆ ಹರಿಹಾಯುತ್ತಾರೆ. ಪಾದ ಸದಾ ಜುಮು ಜುಮು ಅನ್ನುತ್ತವೆ. ನಿನ್ನೆ ಒಂದು ಚಪ್ಪಲಿ ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿದೆ, ನನಗೆ ಗೊತ್ತೇ ಆಗಲಿಲ್ಲ. ಬರಿಗಾಲಲ್ಲಿ ಕಲ್ಲಿನ ಮೇಲೆ ಆಫೀಸಿನ ತನಕ ನಡೆದು ಬಂದಿದ್ದೆ. "ಮುನ್ಷೀಜಿ, ಒಂದ ಕಾಲ ಮನ್ಯಾಗ ಬಿಟ್ಟ ಬಂದೀರೇನ್ರಿ?" ಎಂದು ಕಲ್ಲೊಡೆಯುವವರು ನಕ್ಕರು. ನಾನೂ ನಕ್ಕೆ.

ಆ ಮಾತು ಇಲ್ಲಿಗೆ ಬಿಡು ಅಕ್ಕ.

ನಿನ್ನ ತಮ್ಮ
ದೇವಿಂದ್ರಪ್ಪ

ಚಿಮ್ಮನಚೋಡ
೨೦ ಫೆಬ್ರುವರಿ ೧೯೫೨

ದೇವಿಂದ್ರಾ,

ಬಿಡು ಅಂದರೆ ಬಿಡುವ ಮಾತೇ ಇದು? ಸಂಕ್ರಾಂತಿಗೆ ಕರೆತಂದ ಶಿವಕಾಂತಿಯನ್ನು ಇಲ್ಲೇ ಇಟ್ಟುಕೊಂಡಿದ್ದೇನೆ. ಹರಕೆ, ಉಪವಾಸ ಎಲ್ಲ ನಡೆದಿದೆ. ಹೋದ ವಾರ ಅವಳನ್ನು ಆಡಕಿಯ ಪಂಡಿತರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಂಜೆಯರ ಉಡಿ ತುಂಬಿಸಿದವರು ಎಂದು ಆ ಕಡೆ ಅವರ ಹೆಸರು ದೊಡ್ಡದು. ಅವರು ನಾಡಿ ನೋಡಿ, "ಹೊಲ ಛಲೋ ಅದವ್ವ. ಬಿತ್ತಾವನ್ನ ಕಳಸು, ನೋಡಾಮಿ" ಅಂದರು.

ನನಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. "ನನ್ನ ತಮ್ಮಗ ಏನಾಗ್ಯಾದ್ರಿ? ಹುಲಿ ಹಂಗ ಇದ್ದಾನ!" ಅಂದೆ. ಮುದುಕ ಎಲೆಯಡಿಕೆ ಅಗಿಯುತ್ತ ನಕ್ಕ. ಶಿವಕಾಂತಿ ನೆಲ ನೋಡುತ್ತ ಕುಳಿತಿದ್ದಳು. ಬಂಡಿಯಲ್ಲಿ ಬರುವಾಗ, "ಏನರ ಅದನ ಹೇಳ" ಎಂದು ಕೇಳಿದೆ. "ಏನಿಲ್ಲವ್ವ" ಅಂದಳು.

ಆ ಗದ್ದಲದ ದಿನಗಳಲ್ಲಿ ನೀನು ಕಲ್ಲಿನ ತಗ್ಗಿನಲ್ಲಿ ಅಡಗಿ ಕುಳಿತಿದ್ದೆಯಲ್ಲ, ಆ ಅಂಜಿಕೆ ಏನಾದರೂ ಮೈಯೊಳಗೆ ಕುಳಿತಿದೆಯೇ? ಅಥವಾ ಯಾವಳಾದರೂ ಚಹಾದಲ್ಲಿ ಮದ್ದು ಹಾಕಿ ಕೊಟ್ಟಿದ್ದಾಳೆಯೇ? ನಾನು ಅಕ್ಕ, ಇದಕ್ಕಿಂತ ಹೆಚ್ಚು ಕೇಳಬಾರದು. ನೀನು ಉತ್ತರ ಬರೆಯುವುದೂ ಬೇಡ. ಸುಮ್ಮನೆ ಒಂದು ಸಲ ಆಡಕಿಗೆ ಹೋಗಿ ಬಾ. ಒಬ್ಬನೇ ಹೋಗು. ಸೇಡಮ್ಮಿನಲ್ಲಿ ಇಳಿದರೆ ಬಂಡಿ ಸಿಗುತ್ತವೆ.

ಅಕ್ಕ ಚಂದಮ್ಮ

ಶಹಾಬಾದ
೧೪ ಏಪ್ರಿಲ್ ೧೯೫೨

ಶಿವಕಾಂತಾ,

ಇದನ್ನು ಬಳೆಗಾರ್ತಿ ಜೈತುನ್ಬೀ ಕೈಯಲ್ಲಿ ಕಳಿಸಿದ್ದೇನೆ. ಬಳೆ ಇಡಿಸಿಕೊಳ್ಳುವಾಗ ಈಸಿಕೋ. ಅಕ್ಕನ ಕಣ್ಣಿಗೆ ಬೀಳಬಾರದು.

ಆಡಕಿಗೆ ಹೋಗಿ ಬಂದೆ. ಪಂಡಿತ ಕಟ್ಟೆಯ ಮೇಲೆ ಎಲ್ಲರ ಮುಂದೆಯೇ, "ಯಾವಾಗಿಂದ ಸೋತಾದ?" ಎಂದು ಕೇಳಿಬಿಟ್ಟ. ಹೊಟ್ಟೆನೋವಿನವರು, ಕಣ್ಣುಬೇನೆಯವರು ತಮ್ಮ ಬೇನೆ ಮರೆತು ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಒಳಗೆ ಕರೆದ. ಹುಡುಗತನದಲ್ಲಿ ಧಾತು ಕೆಡಿಸಿಕೊಂಡದ್ದರ ಫಲ ಇದು, ಮೈಗೆ ಪುಷ್ಟಿ ಬೇಕು ಎಂದ. ಜೇನಿನಲ್ಲಿ ಕಲಸಿದ ಲೇಹ್ಯ, ಮೇಲೆ ಖಡಿಸಕ್ಕರೆ ಹಾಕಿದ ಎಮ್ಮೆಯ ಹಾಲು, ಮುಂಜಾನೆ ಸಂಜೆ ಎರಡೂ ಹೊತ್ತು. ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ಆದರೂ ಬಾಯಿ ಒಣಗುವುದು ನಿಂತಿಲ್ಲ. ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತುತ್ತವೆ. ಕೆಟ್ಟ ಧಾತು ಹೊರಗೆ ಬೀಳುತ್ತಿದೆ, ಮದ್ದು ಮೈಗೆ ಹತ್ತಿದ ಗುರುತು ಅದು ಎಂದು ಪಂಡಿತ ಹೇಳಿ ಕಳಿಸಿದ.

ಮೊದಲ ವರ್ಷ ನಾವು ಹೀಗಿರಲಿಲ್ಲ. ನೀನೂ ಬಲ್ಲೆ. ಆಮೇಲೆ ಒಂದೊಂದು ಸಲ, ಆಮೇಲೆ ಯಾವಾಗಲೂ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ ನೀನು, "ದಣದೀರಿ ಮಾಮಾ, ಮಕ್ಕೋರಿ" ಅನ್ನುತ್ತಿದ್ದಿ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಪಂಡಿತ ಇನ್ನೊಂದು ಮಾತು ಹೇಳಿದ. "ಹಳೇ ಹೆಂಡತಿ ಮುಂದ ಮನಸ ಸೋತಾದ. ಎಳೀ ಹೆಣ್ಣ ಮನಿಗಿ ಬಂದ್ರ ತಾನಾ ಜೀವ ಬರತಾದ." ಕೇಳಿ ಎದ್ದು ಬಂದೆ. ಆದರೆ ಆ ಮಾತು ನನ್ನ ಹಿಂದೆಯೇ ಬಂದಿದೆ. ಅಕ್ಕನೂ ಶರಣಿಯ ಸಲುವಾಗಿ ಹಟ ಹಿಡಿದಿದ್ದಾಳೆ. ಅವಳಿಂದ ನಾನು ಸರಿಹೋದರೆ ನಿನಗೂ ಬಂಜೆ ಎಂಬ ಹೆಸರು ತಪ್ಪುತ್ತದೆ, ನಿನಗೂ ಒಂದು ಕೂಸು ಆಗಬಹುದು. ಹೇಗೆ ಬರೆಯಬೇಕೋ ತಿಳಿಯುವುದಿಲ್ಲ. ನೀನು ಏನನ್ನುತ್ತೀ?

ದೇವಿಂದ್ರಪ್ಪ

ಚಿಮ್ಮನಚೋಡ
೯ ಮೇ ೧೯೫೨

ಮಾಮಾ,

ನಿಮ್ಮ ಕಾಗದ ಓದಿ ಒಲೆಗೆ ಹಾಕಿದೆ. ಏನನ್ನುತ್ತೀ ಎಂದು ಕೇಳಿದ್ದೀರಿ. ಹೇಳುತ್ತೇನೆ, ಕೇಳಿರಿ. ನನ್ನ ತಂಗಿ ಲೇಹ್ಯ ಅಲ್ಲ.

ಇಲ್ಲಿ ನನಗೆ ಏನೇನು ಮಾಡಿಸಿದರು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಒದ್ದೆ ಸೀರೆಯಲ್ಲಿ ಬೇವಿನ ಗಿಡ ಸುತ್ತಿದೆ. ಬೂದಿ ನೀರು ಕುಡಿದೆ. ಒಬ್ಬಳು ಮುದುಕಿ ಹೊಟ್ಟೆ ತಿಕ್ಕಿ ತಿಕ್ಕಿ ನನ್ನ ಉಸಿರು ನಿಲ್ಲಿಸಿದ್ದಳು. ಬಾವಿಯ ಹತ್ತಿರ ಹೆಂಗಸರು, "ನಿನ್ನ ಗಂಡ ನಿನ್ನ ಕೂಡ ಛಲೋ ಇದ್ದಾನಿಲ್ಲೇನ?" ಎಂದು ಕೆದಕಿದರೆ, "ಭಾಳ ಛಲೋ ಇದ್ದಾರ್ರಿ" ಅಂದೆ. ಅದು ಸುಳ್ಳೂ ಅಲ್ಲ. ನೀವು ನನ್ನ ಮೇಲೆ ಎಂದೂ ಕೈ ಎತ್ತಿದವರಲ್ಲ, ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಬಂಜೆ ಅನ್ನಿಸಿಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದು ನನ್ನ ಇಚ್ಛೆಯಿಂದ. ಅದು ನನ್ನ ಬಾಳು, ನಿಮ್ಮ ಸಲುವಾಗಿ ಸವೆಸಿದೆ. ಶರಣಿಯ ಬಾಳನ್ನು ಸವೆಸಲು ನನಗೂ ಹಕ್ಕಿಲ್ಲ, ನಿಮಗೂ ಇಲ್ಲ.

ಹುಚ್ಚಿ, ಅವಳಿಗೆ ಏನೂ ತಿಳಿಯದು. ಕೌದಿ ಹೊಲೆಯುತ್ತ, "ಅಕ್ಕಾ, ನಾವಿಬ್ರೂ ಕೂಡೇ ಇರಾಮಿ, ಶಹಾಬಾದದಾಗ ರೈಲ ನೋಡಾಮಿ" ಎಂದು ಕುಣಿಯುತ್ತಾಳೆ.

ನಿನ್ನೆ ಅವ್ವ ಬೀಸುವಾಗ ಎದುರು ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಕಪಾಳಕ್ಕೆ ಹೊಡೆದಳು. "ತಂಗಿ ಮ್ಯಾಲ ಹೊಟ್ಟಿಕಿಚ್ಚ ಪಡ್ತಿ, ನನ್ನ ತಮ್ಮನ ಮಾನಾ ತೆಗೀತಿ!" ಅಂದಳು. ಆಮೇಲೆ ಬೀಸಿದ ಹಿಟ್ಟನ್ನೇ ಮತ್ತೆ ಕಲ್ಲಿಗೆ ಹಾಕಿ ಬೀಸಿದಳು. ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ನನ್ನ ಮಾತಿಗೆ ಇಲ್ಲಿ ಬೆಲೆ ಇಲ್ಲ. ನೀವು ಹೇಳಿದರೆ ಕೇಳುತ್ತಾರೆ. ಹೇಳಿರಿ ಮಾಮಾ. ಇಲ್ಲದಿದ್ದರೆ ನಿಮ್ಮನ್ನು ನಾನು ಎಂದೂ ಕ್ಷಮಿಸುವುದಿಲ್ಲ.

ಶಿವಕಾಂತಮ್ಮ

ಚಿಮ್ಮನಚೋಡ
೨೨ ಜೂನ್ ೧೯೫೨

ಚಿರಂಜೀವಿ ತಮ್ಮನಿಗೆ,

ಮೃಗಶಿರ ಮಳೆ ಚೆನ್ನಾಗಿ ಬಿತ್ತು. ನಿನ್ನ ಮಾವ ಹೆಸರು ಬಿತ್ತುತ್ತಿದ್ದಾರೆ. ಅಯ್ಯನವರಿಗೆ ಕೇಳಿದೆವು. ದಸರೆ ಮುಗಿದ ಮೇಲೆ ನಿಶ್ಚಯಕ್ಕೆ ಒಳ್ಳೆಯ ದಿನಗಳಿವೆಯಂತೆ. ಚಿಂಚೋಳಿಯ ಬೀಗರಿಗೆ, ಚಿತ್ತಾಪುರದ ಚಿಕ್ಕಪ್ಪನವರಿಗೆ ಹೇಳಿ ಕಳಿಸಿಯೂ ಆಯಿತು. ಶರಣಿಗೆ ಒಂದು ಹಸಿರು ದಡಿಯ ಸೀರೆ ತಂದಿದ್ದೇನೆ, ಉಟ್ಟು ಕನ್ನಡಿ ಬಿಟ್ಟು ಸರಿಯುವುದಿಲ್ಲ.

ದೊಡ್ಡವಳು ಏನೋ ಬಡಬಡಿಸಿದಳು. ನಾನು ಕೇಳಿಸಿಕೊಳ್ಳಲಿಲ್ಲ. ನೀನೂ ಆ ವಿಷಯ ನನಗೆ ಏನೂ ಬರೆಯಬೇಡ. ಬರೆದರೆ ನಾನು ಓದಬೇಕಾಗುತ್ತದೆ.

ಶೇಂಗಾ ಹೋಳಿಗೆ ಕಳಿಸಿದ್ದೇನೆ. ಬೆಲ್ಲ ಈ ಸಲ ಭಾಳ ರುಚಿ ಇದೆ. ಎಲ್ಲವನ್ನೂ ನೀನೇ ತಿನ್ನು, ಯಾರಿಗೂ ಹಂಚಬೇಡ.

ಅಕ್ಕ ಚಂದಮ್ಮ

ಶಹಾಬಾದ
೩೦ ಆಗಸ್ಟ್ ೧೯೫೨

ಅಕ್ಕಾ,

ಬರೆಯಬೇಡ ಅಂದಿದ್ದಿ. ಬರೆಯುತ್ತಿದ್ದೇನೆ.

ನಾನು ದವಾಖಾನೆಯಲ್ಲಿದ್ದೇನೆ. ಮಳೆಗಾಲದ ಮೊದಲಲ್ಲಿ ಖಣಿಯಲ್ಲಿ ಒಂದು ಕಲ್ಲಿನ ಚಕ್ಕೆ ಬಲಗಾಲಿನ ಹೆಬ್ಬೆರಳಿಗೆ ಹೊಕ್ಕಿತ್ತು. ನೋವೇ ಆಗಲಿಲ್ಲ, ಅದಕ್ಕೇ ಲಕ್ಷ್ಯ ಕೊಡಲಿಲ್ಲ. ನಾತ ಬಂದ ಮೇಲೆ ಗೊತ್ತಾಯಿತು. ಬೆರಳು ಕತ್ತರಿಸಿ ತೆಗೆದಿದ್ದಾರೆ.

ಇಲ್ಲಿಯ ಡಾಕ್ಟರು ಮೆಹತಾಬ್ ಸಾಹೇಬರು. ನನ್ನ ಉಚ್ಚೆಯನ್ನು ಗಾಜಿನ ನಳಿಕೆಯಲ್ಲಿ ನೀಲಿ ಮದ್ದಿನ ಜೊತೆ ಕಾಯಿಸಿದರು. ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. "ಮುನ್ಷೀಜಿ, ನಿಮಗ ಸಕ್ರಿ ಬ್ಯಾನಿ ಅದ. ಭಾಳ ದಿನದಿಂದ ಅದ" ಅಂದರು. ಆಮೇಲೆ, "ಗಂಡ ಹೆಂಡತಿ ಸಂಬಂಧ ಹ್ಯಾಂಗದ?" ಎಂದು ಕೇಳಿದರು. ಖಣಿಯ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. "ಛಲೋ ಅದರಿ" ಅಂದೆ. ಮಾರನೆಯ ದಿನ ಯಾರೂ ಇಲ್ಲದಾಗ ಬಂದು ಮಂಚದ ಮೇಲೆ ಕುಳಿತರು. "ಸುಳ್ಳ ಹೇಳಿದ್ರ ನನಗೇನೂ ಆಗಲ್ಲ, ನಿಮಗ ಆಗತಾದ" ಅಂದರು. ಹೇಳಿದೆ. ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಅಕ್ಕನಿಗೆ ಬರೆಯಲಾರೆ. ಅವರು ನಗಲಿಲ್ಲ, ಅಷ್ಟೇ ಹೇಳುತ್ತೇನೆ.

ಮೈಯಲ್ಲಿ ಸಕ್ಕರೆ ಏರಿ ವರ್ಷಗಟ್ಟಲೆ ಹಾಗೇ ಉಳಿದರೆ ನರಗಳು ಸತ್ತಂತಾಗುತ್ತವೆಯಂತೆ, ರಕ್ತ ಹರಿಯುವ ದಾರಿ ಕಟ್ಟಿಕೊಳ್ಳುತ್ತದೆಯಂತೆ. ಕಲ್ಲು ಚುಚ್ಚಿದ್ದು ಕಾಲಿಗೆ ಯಾಕೆ ತಿಳಿಯಲಿಲ್ಲವೋ, ನಾನು ಗಂಡಸಾಗಿ ಯಾಕೆ ಉಳಿಯಲಿಲ್ಲವೋ, ಎರಡಕ್ಕೂ ಕಾರಣ ಅದೊಂದೇ. ಅಂಜಿಕೆ ಅಲ್ಲ, ಮದ್ದು ಅಲ್ಲ, ಹುಡುಗತನದ ಪಾಪವೂ ಅಲ್ಲ. ಮನಸ್ಸಿನ ಕೊರಗು ಅದರ ಮೇಲೆ ಇನ್ನಷ್ಟು ಭಾರ ಹಾಕಿದೆ, ನಿಜ. ಹೆಂಡತಿಯ ತಪ್ಪು ಮಾತ್ರ ಎಳ್ಳಷ್ಟೂ ಇಲ್ಲ ಎಂದರು.

ಏನು ತಿನ್ನುತ್ತೀರಿ ಎಂದು ಕೇಳಿದರು. ಲೇಹ್ಯ, ಜೇನು, ಖಡಿಸಕ್ಕರೆ, ಉಂಡಿ, ಹೋಳಿಗೆ ಎಂದು ಹೇಳುತ್ತ ಹೋದೆ. ಅವರು ತಲೆ ಹಿಡಿದುಕೊಂಡರು. "ಇಷ್ಟ ದಿನ ನೀವು ರೋಗಕ್ಕ ಊಟ ಹಾಕೀರಿ" ಅಂದರು. ಅಕ್ಕಾ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಈಗ ದಿನಾ ಸೂಜಿ ಚುಚ್ಚುತ್ತಾರೆ. ಇನ್ಸುಲಿನ್ ಎಂಬ ಆ ಮದ್ದು ಹೈದರಾಬಾದಿನಿಂದ ಬರುತ್ತದೆ. ಸಿಹಿ ಪೂರ್ತಿ ಬಂದ್. ರೊಟ್ಟಿಯೂ ಹೇಳಿದಷ್ಟೇ. ನಾನು ಮೊದಲಿನಂತೆ ಗಂಡಸಾಗುತ್ತೇನೆಯೇ ಎಂದು ಕೇಳಿದೆ. "ಸಕ್ರಿ ಇಳದ್ರ ಕೆಲವರಿಗಿ ಆಗತಾದ. ನೀವು ತಡಾ ಮಾಡೀರಿ. ನಾ ಮಾತ ಕೊಡಲ್ಲ" ಅಂದರು. ಎಳೆಯ ಹೆಣ್ಣಿನ ವಿಷಯವನ್ನೂ ಕೇಳಿದೆ, ನಾಚಿಕೆ ಬಿಟ್ಟು. ಆಗ ಮಾತ್ರ ಅವರಿಗೆ ಸಿಟ್ಟು ಬಂತು. "ಆ ಹುಡುಗಿ ಬಾಳ್ಯಾ ಯಾಕ ಹಾಳ ಮಾಡ್ತೀರಿ?" ಅಂದರು.

ಶಿವಕಾಂತಿ ನಿನಗೆ ಹೇಳಿದ್ದು ಖರೆ. ನಿಶ್ಚಯ ನಿಲ್ಲಿಸು. ನಿನ್ನ ಕಾಲು ಬೀಳುತ್ತೇನೆ.

ದೇವಿಂದ್ರಪ್ಪ

ಚಿಮ್ಮನಚೋಡ
೧೭ ಸೆಪ್ಟೆಂಬರ್ ೧೯೫೨

ದೇವಿಂದ್ರಾ,

ನಿನ್ನ ಕಾಗದ ಸುಟ್ಟೆ. ನಿನ್ನ ಮಾವನಿಗೆ ತೋರಿಸಿಲ್ಲ. ಬೆರಳು ಹೋಯಿತೆಂದು ಓದಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಉಂಡಿ ಕಟ್ಟಿದ ಈ ಕೈಯನ್ನು ಒಲೆಯಲ್ಲಿ ಇಡಬೇಕು ಅನ್ನಿಸುತ್ತದೆ. ನನ್ನ ಕೈಯಾರೆ, ಅಯ್ಯೋ ಶಿವನೇ, ನನ್ನ ಕೈಯಾರೆ!

ಆದರೆ ನಿಶ್ಚಯ ನಿಲ್ಲುವುದಿಲ್ಲ. ಬಳಗಕ್ಕೆಲ್ಲ ಹೇಳಿ ಆಗಿದೆ. ಈಗ ನೀನು ಹಿಂದೆ ಸರಿದರೆ ಯಾಕೆ ಎಂದು ಒಬ್ಬ ಕೇಳುತ್ತಾನೆ. ಒಬ್ಬ ಕೇಳಿದರೆ ಸಾಕು, ಚಿಂಚೋಳಿ ತಾಲೂಕೆಲ್ಲ ಆಡಿಕೊಳ್ಳುತ್ತದೆ. ನನ್ನ ತಮ್ಮನನ್ನು ಷಂಡ ಎನ್ನುವುದನ್ನು ಕೇಳುವ ಮೊದಲು ನನ್ನ ಕಿವಿ ಹೋಗಲಿ. ಶಿವಕಾಂತಿ ತಾಳಿಕೊಂಡ ಹಾಗೆ ಶರಣಿಯೂ ತಾಳಿಕೊಳ್ಳುತ್ತಾಳೆ. ನಾನು ಹೆತ್ತವಳು ಹೇಳುತ್ತಿದ್ದೇನೆ. ಇಬ್ಬರೂ ನಿನ್ನ ಮನೆಯಲ್ಲಿ ಕುಳಿತು ನಿನ್ನ ಕಾಲು ನೋಡಿಕೊಳ್ಳಲಿ. ಕೆಲವರಿಗೆ ಆಗುತ್ತದೆ ಎಂದು ಡಾಕ್ಟರೇ ಹೇಳಿದ್ದಾನಲ್ಲ, ನಿನಗೂ ಆದೀತು. ಯಾರಿಗೆ ಗೊತ್ತು?

ಏನೂ ಮಾತಾಡಬೇಡ. ಬಾ, ಕುಳಿತುಕೋ, ನಿಶ್ಚಯದ ಎಲೆಯಡಿಕೆ ತಾಟು ತೆಗೆದುಕೋ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನನ್ನು ಬೆಳೆಸಿದವಳು
ಚಂದಮ್ಮ

ಚಿಮ್ಮನಚೋಡ
೫ ಡಿಸೆಂಬರ್ ೧೯೫೨

ಮಾಮಾ,

ನಿಶ್ಚಯದ ದಿನ ನೀವು ಬಂಡಿ ಹತ್ತಿ ಹೋದ ಮೇಲೆ ಇಲ್ಲಿ ಏನಾಯಿತೆಂದು ಯಾರೂ ನಿಮಗೆ ಬರೆದಿರಲಿಕ್ಕಿಲ್ಲ. ನಾನು ಬರೆಯುತ್ತೇನೆ.

ಆ ಹೊತ್ತು ನಾನು ಶರಣಿಯ ಕೈ ಹಿಡಿದು ಒಳಬಾಗಿಲ ಹಿಂದೆ ನಿಂತಿದ್ದೆ. ಅಯ್ಯನವರು ತಾಟು ಚಾಚಿದರು. ನೀವು ಬಡಿಗೆ ಊರಿ ಎದ್ದು ನಿಂತಿರಿ. ಬಿದ್ದುಬಿಡುತ್ತೀರಿ ಎಂದು ಹೆದರಿದೆ. "ಈ ತಾಟ ನಾ ಮುಟ್ಟಲ್ಲರಿ. ಶಿವಕಾಂತಿ ಬಂಜಿ ಅಲ್ಲ. ನನಗ ರೋಗ ಅದ, ನಾ ಹೆಣ್ಣಿನ ಕೂಡ ಸಂಸಾರ ಮಾಡುವಂಥವ ಉಳದಿಲ್ಲ. ಇನ್ನೊಂದ ಹುಡುಗಿನ ನನ್ನ ಮನಿಗಿ ಕಳಸಬ್ಯಾಡ್ರಿ" ಅಂದಿರಿ. ಯಾರೋ ಒಬ್ಬ ಕಿಸಕ್ಕೆಂದ. ಅಪ್ಪ ಎದ್ದು ತಾಟನ್ನು ತಾವೇ ಒಳಗೆ ತಂದಿಟ್ಟರು. "ಅಕ್ಕಾ, ಮಾಮಾ ಏನಂದ? ನಾ ಬ್ಯಾಡ ಅಂದನೇನ?" ಎಂದು ಶರಣಿ ಅಳತೊಡಗಿದಳು. ಇಷ್ಟು ವರ್ಷ ಹೊತ್ತ ಆ ಹೆಸರು ನನ್ನ ತಲೆಯಿಂದ ಇಳಿದಿತ್ತು. ಸಂತೋಷ ಆಗಬೇಕಿತ್ತು. ಶರಣಿಯ ಕಣ್ಣು ಒರೆಸುತ್ತ ಅಲ್ಲೇ ಕುಳಿತೆ.

ಊರಲ್ಲಿ ಏನೇನು ಆಡಿಕೊಳ್ಳುತ್ತಾರೆ ಎಂದು ಬರೆಯುವುದಿಲ್ಲ. ಅವ್ವ ಮೂಲೆ ಹಿಡಿದಳು, ಅನ್ನ ನೀರು ಬಿಟ್ಟಳು. ಒಂದು ದಿನ ಎದ್ದು ಮೈ ತೊಳೆದುಕೊಂಡು ನ್ಯಾಯ ಹೇಳುವ ದೈವದ ಹಿರಿಯರನ್ನು ಮತ್ತೆ ಕರೆಸಿದಳು. ಶರಣಿಗೆ ಬೇರೆ ಕಡೆ ನೋಡುವ ಮಾತಿರಬೇಕು ಅಂದುಕೊಂಡೆವು. ಅವ್ವ ಹೊರಗೆ ಬಂದು ಎಲ್ಲರ ಮುಂದೆ, "ನನ್ನ ದೊಡ್ಡ ಮಗಳಿಗಿ ಸೋಡಚೀಟಿ ಕೊಡಸ್ರಿ. ಆಕಿ ಇನ್ನ ಸಣ್ಣಾಕಿ" ಅಂದಳು. ತಮ್ಮನ ಮಾನ ಉಳಿಸಲು ಇಬ್ಬರು ಮಕ್ಕಳನ್ನೂ ಹೂಳಲು ಸಿದ್ಧಳಿದ್ದವಳು! ಆ ಮಾನ ಹೋದ ಮೇಲೆ ನನಗೆ ಅವ್ವ ಆದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗಂಡನೇ ಹತ್ತು ಜನರ ಮುಂದೆ ಒಪ್ಪಿದ್ದಾನೆ, ಬಿಡುಗಡೆಗೆ ಅಡ್ಡಿಯಿಲ್ಲ ಎಂದರು ದೈವದವರು. ನಮ್ಮಲ್ಲಿ ಬಿಡುಗಡೆ ಆದವಳು ಉಡಿಕಿ ಮಾಡಿಕೊಂಡು ಇನ್ನೊಂದು ಮನೆಗೆ ಹೋಗಬಹುದಲ್ಲ. ಚಂದ್ರಂಪಳ್ಳಿಯ ಕಡೆಯವನೊಬ್ಬ ಇದ್ದಾನೆ. ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಿದ್ದಾಳೆ. ಹೊಲವಿದೆ. ಬಂದು ನನ್ನನ್ನೇ ಕೇಳಿದ, "ನಿನಗ ಮನಸ ಅದನ?" ಎಂದು.

ಅವರಿಗೆ ಹೇಳುವ ಮೊದಲು ನಿಮಗೆ ಹೇಳುತ್ತಿದ್ದೇನೆ. ನಾನು ಹೋಗುತ್ತೇನೆ ಮಾಮಾ.

ನಿಮ್ಮ ಮೇಲೆ ಸಿಟ್ಟಿಲ್ಲ. ಸಾಯುವ ತನಕ ನಿಮ್ಮ ಗಾಯ ತೊಳೆಯುತ್ತ ಇರಬಲ್ಲೆ, ಅದಕ್ಕೆ ಬೇಸರವೂ ಇಲ್ಲ. ಆದರೆ ನನಗೆ ಕೂಸು ಬೇಕು. ಇದನ್ನು ನಾನು ನಿಮಗೂ ಎಂದೂ ಹೇಳಿರಲಿಲ್ಲ, ನಿಮಗೆ ಇನ್ನಷ್ಟು ನೋವಾಗುತ್ತದೆಂದು. ಹಿಂದೆ ಸರಿ ಎಂದು ಯಾರೂ ಅನ್ನಲಾರದ, ನನ್ನದೇ ಕೂಸು. ನಾನು ಹೋಗದೆ ಉಳಿದರೆ ಊರೆಲ್ಲ ನನ್ನನ್ನು ಪತಿವ್ರತೆ ಅನ್ನುತ್ತದೆ. ನನಗೆ ಆ ಹೆಸರು ಸಾಕಾಗಿದೆ.

ನೀವು ಎದ್ದು ನಿಂತಾಗ ಈ ಬಾಗಿಲೂ ತೆರೆಯುತ್ತದೆಂದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು ಅನ್ನಿಸುತ್ತದೆ.

ಸೂಜಿ ತಪ್ಪಿಸಬೇಡಿರಿ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಬೇಡಿರಿ. ಬರಿಗಾಲಲ್ಲಿ ಅಡ್ಡಾಡಬೇಡಿರಿ.

ಶಿವಕಾಂತಮ್ಮ

ಚಿಮ್ಮನಚೋಡ
೮ ಫೆಬ್ರುವರಿ ೧೯೫೩

ದೇವಿಂದ್ರಪ್ಪನಿಗೆ,

ಹತ್ತು ಜನರ ನಡುವೆ ನನ್ನ ಮಾತು ಮುರಿದ ದಿನವೇ ನಿನಗೂ ನನಗೂ ಮಾತು ತೀರಿತು. ನಡಾವಳಿಗಾಗಿ ಇದೊಂದು ಕಾಗದ.

ಮುಂದಿನ ತಿಂಗಳು ಶಿವಕಾಂತಿಯ ಉಡಿಕಿ. ಮಠದಲ್ಲೇ, ಬಾಜಾಬಜಂತ್ರಿ ಇಲ್ಲ. ನಮ್ಮ ಮನೆತನದಲ್ಲಿ ಉಡಿಕಿಗೂ ಹೆಣ್ಣು ಸೋದರಮಾವನ ಸೀರೆ ಉಟ್ಟೇ ಕುಳಿತುಕೊಳ್ಳಬೇಕು. ಅವಳಿಗೆ ಬೇರೆ ಸೋದರಮಾವ ಇಲ್ಲ. ಅವ್ವ ಹಡೆಯದ ತಮ್ಮಂದಿರನ್ನು ಎಲ್ಲಿಂದ ತರಲಿ? ಸೀರೆ ಕಳಿಸು. ನೀನು ಬರುವುದು ಬೇಡ, ಜನ ನೋಡುತ್ತಾರೆ.

ಕಾಲು ಹೇಗಿದೆ ಎಂದು ನಾನು ಕೇಳುವುದಿಲ್ಲ.

ಚಂದಮ್ಮ

ಶಹಾಬಾದ
೧ ಮಾರ್ಚ್ ೧೯೫೩

ಶಿವಕಾಂತಾ,

ಸೀರೆ ಕಳಿಸಿದ್ದೇನೆ. ಬೇರೆ ಯಾರಿಂದಲೂ ತರಿಸಲಿಲ್ಲ, ನಾನೇ ಅಂಗಡಿಗೆ ಹೋಗಿದ್ದೆ. ಗಾಯ ಏರಿದ್ದಕ್ಕೆ ಕಾಲನ್ನು ಹಿಮ್ಮಡಿಯ ತನಕ ತೆಗೆದಿದ್ದಾರೆ, ಊರುಗೋಲು ರೂಢಿಯಾಗಿದೆ. ಮಾಲೀಕರು ಆಫೀಸಿನಲ್ಲೇ ಕೂಡುವ ಕೆಲಸ ಕೊಟ್ಟಿದ್ದಾರೆ. ಸೂಜಿ ತಪ್ಪಿಸಿಲ್ಲ. ನಳಿಕೆಯ ಬಣ್ಣ ಈಗ ಹಸಿರಿಗೆ ಬಂದಿದೆ, ಛಲೋ ಗುರುತು ಎನ್ನುತ್ತಾರೆ ಡಾಕ್ಟರು. ಉಳಿದ ಆ ವಿಷಯ ಅವರೂ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಗೊತ್ತಿತ್ತು. ನಿಶ್ಚಯಕ್ಕೆ ಬಂಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದೆ. ಶರಣಿಯ ಸಲುವಾಗಿ ಬಾಯಿ ಬಿಟ್ಟರೆ ನೀನು ಹೋಗುತ್ತೀ ಎಂದು ಗೊತ್ತಿತ್ತು. ಚಿಮ್ಮನಚೋಡದ ಗಿಡಗಳು ಕಂಡಾಗ ಬಂಡಿ ತಿರುಗಿಸು ಎಂದು ಒಮ್ಮೆ ಹೇಳಿಯೂ ಬಿಟ್ಟಿದ್ದೆ. ಬಂಡಿಯವನಿಗೆ ಕೇಳಿಸಲಿಲ್ಲ. ಎರಡನೆಯ ಸಲ ನಾನು ಹೇಳಲಿಲ್ಲ.

ಅಂಗಡಿಯವನು, "ಯಾರಿಗ್ರಿ ಮುನ್ಷೀಜಿ, ಮನ್ಯಾಗಿನವರಿಗೇನ್ರಿ?" ಎಂದು ಕೇಳಿದ. "ಅಲ್ಲರಿ. ಅಕ್ಕನ ಮಗಳಿಗಿ. ಮದುವಿ ಅದ" ಅಂದೆ. ಹಾಗಾದರೆ ಇವೇ ಬೇಕು ಎಂದು ಅವನು ಒಳಗಿನಿಂದ ಇಳಕಲ್ಲಿನ ಸೀರೆಗಳನ್ನು ತಂದು ಹಾಸಿದ. ಕೆಂಪು ಸೆರಗಿನದು ಆರಿಸಿದ್ದೇನೆ. ನಿನಗೆ ಒಪ್ಪುತ್ತದೆ.

ಹೆಣ್ಣು ಕೂಸು ಹುಟ್ಟಿದರೆ ಒಂದು ಮಾತು ನಡೆಸಿಕೊಡು. ಅಕ್ಕ ಬಂದು ಕೇಳಿದರೂ, ಯಾರು ಬಂದು ಕೇಳಿದರೂ, ಬಳಗದೊಳಗೆ ಯಾವ ಮಾವನಿಗೂ ಅದನ್ನು ಕೊಡಬೇಡ. ಅದರ ಮನಸ್ಸು ಕೇಳು.

ಸುಖವಾಗಿರು.

ನಿನ್ನ ಸೋದರಮಾವ
ದೇವಿಂದ್ರಪ್ಪ